ಹನ್ನೊಂದು ನಿಮಿಷದ ಹಾಡನ್ನು ತಿರುಗಿ ಕೊಡುವ ವಿಷಯವಾಗಿ

ಫೋನಿನೊಳಗೆ ಕುಳಿತು ಮುಂದಿನ ಹಾಡು ಯಾವುದೆಂದು ತೀರ್ಮಾನಿಸುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಕೊಣ್ಣೂರಿನ ಅಕ್ಕನ ಬಳಗದ ಹದಿಮೂರೂ ಜನರ ಪರವಾಗಿ ತಮಗೆ ಶರಣು ಶರಣಾರ್ಥಿ. ನಾವು ಇಲ್ಲಿ ಪೂಜೆ, ರೊಟ್ಟಿ, ದನಕರು ಎಂದು ಎಂದಿನಂತೆ ಇದ್ದೇವೆ. ತಾವೂ ಅಲ್ಲಿ, ಅಲ್ಲಿ ಎಂದರೆ ಎಲ್ಲಿ ಎಂಬುದು ನಮಗೆ ತಿಳಿಯದಿದ್ದರೂ, ಹೊಟ್ಟೆ ತುಂಬ ಕರೆಂಟು ಕುಡಿದು ಸುಖವಾಗಿರುವಿರೆಂದು ನಂಬಿದ್ದೇವೆ. ತಮ್ಮ ಊರು, ಓಣಿ, ಮನೆಯ ನಂಬರು ಯಾವುದೂ ಸಿಗದ ಕಾರಣ ಈ ಪತ್ರವನ್ನು ಗೋಕಾಕದ ವಾರಪತ್ರಿಕೆಗೆ ಕೊಡುತ್ತಿದ್ದೇನೆ. ನಾವು ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಕೆಟ್ಟಿತೆಂದು ಮಾತಾಡಿಕೊಂಡರೆ ಐದು ನಿಮಿಷದಲ್ಲಿ ಹೊಸ ಕುಕ್ಕರು ತೋರಿಸುವ ತಮಗೆ, ಪತ್ರಿಕೆಯಲ್ಲಿ ಅಚ್ಚಾದ ಮಾತು ಮುಟ್ಟದೆ ಇರಲಿಕ್ಕಿಲ್ಲ.

ನಾನು ಊರ ಸಾಲಿಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತವಳು. ದೊಡ್ಡವರಿಗೆ ಅರ್ಜಿ ಬರೆಯುವಾಗ ಮೊದಲು ವಿಷಯ ಹೇಳಬೇಕು, ಆಮೇಲೆ ಅಳಬೇಕು ಎಂದು ನಮ್ಮ ಮಾಸ್ತರರು ಕಲಿಸಿದ್ದರು. ಆದ್ದರಿಂದ ವಿಷಯವನ್ನು ಮೊದಲೇ ಹೇಳುತ್ತೇನೆ. ಕಾರ ಹುಣ್ಣಿಮೆಯಾದ ಮೇಲಿನ ಸೋಮವಾರ ತಾವು ನಮಗೆ ಒಂದು ಇಂಗ್ಲಿಷ್ ಹಾಡು ಕೊಟ್ಟಿರಿ. ಅಂದು ಕೇಳದೆ ಕೊಟ್ಟಿರಿ, ಇಂದು ಕೇಳಿದರೂ ಕೊಡುತ್ತಿಲ್ಲ. ಗಂಡ ತೀರಿದ ಮೇಲೆ ಒಂಬತ್ತು ವರ್ಷದಿಂದ ಒಂದು ಸಾಲೂ ಹಾಡದೆ ಕುಳಿತಿರುವ ನಮ್ಮ ದುಂಡವ್ವಕ್ಕ ಆ ಒಂದು ಹಾಡಿಗೆ ತುಟಿ ಅಲ್ಲಾಡಿಸಿದರು. ಆ ಹಾಡು ಮತ್ತೆ ಬಂದರೆ ಅವರು ಬಾಯಿ ತೆರೆಯಬಹುದೆಂಬುದು ನಮ್ಮ ಆಸೆ. ದಯವಿಟ್ಟು ಅದನ್ನು ತಿರುಗಿ ಕೊಡಬೇಕು. ವಿಷಯ ಇಷ್ಟೇ, ಇನ್ನು ಅಳುವುದಿದೆ.

ಅದಕ್ಕೂ ಮೊದಲು ತಮ್ಮ ಗುಣವನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಕೃತಜ್ಞತೆ ಇಲ್ಲದಂತಾಗುತ್ತದೆ. ನನ್ನ ಯಜಮಾನರಾದ ಗುರುಪಾದ ಅವರಿಗೆ, ನನಗೆ ಬದನೆಕಾಯಿ ಸೇರುವುದಿಲ್ಲ ಎಂಬುದು ಮೂವತ್ತು ವರ್ಷದ ಸಂಸಾರದಲ್ಲಿ ಇನ್ನೂ ಗೊತ್ತಾಗಿಲ್ಲ. ಶಿವಾಧೀನರಾದ ನಮ್ಮ ಅತ್ತೆಯವರಿಗೆ ಗೊತ್ತಿತ್ತು, ಹಾಗಾಗಿ ವಾರಕ್ಕೆ ಮೂರು ಸಲ ಮಾಡಿಸುತ್ತಿದ್ದರು. ತಾವಾದರೋ ಪರಿಚಯವಾದ ನಾಲ್ಕನೆಯ ದಿನಕ್ಕೆ ‘ನಿಮಗೆ ಇದು ಇಷ್ಟವಾಗಬಹುದು’ ಎಂದು ನನಗೆ ಬರೆದಿರಿ. ಈ ಹೆಣ್ಣುಮಗಳಿಗೆ ಏನು ಇಷ್ಟವಾಗಬಹುದು ಎಂದು ಕುಳಿತು ಯೋಚನೆ ಮಾಡಿದವರು ಈ ಭೂಮಿಯ ಮೇಲೆ ತಾವೇ ಮೊದಲಿಗರು. ಅದನ್ನು ಓದಿ ನನಗೆ ಸ್ವಲ್ಪ ನಾಚಿಕೆಯೂ ಆಯಿತೆಂದು ಮುಚ್ಚಿಡದೆ ಹೇಳುತ್ತೇನೆ.

ಈಗ ಆ ಸೋಮವಾರದ ಮಾತು. ನಮ್ಮ ಬಳಗದ ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ತಿದಿಯನ್ನು ಇಲಿ ಕಡಿದ ಮೇಲೆ ನಾವು ಶ್ರುತಿ ಹಿಡಿಯುವುದು ಕಷ್ಟವಾಗಿತ್ತು. ಹುಕ್ಕೇರಿಯ ಸಾಲಿಯಲ್ಲಿ ಶಿಕ್ಷಕಿಯಾಗಿರುವ ನನ್ನ ಸೊಸೆ ಸುಮನ್ ತಮ್ಮನ್ನು ನನ್ನ ಫೋನಿಗೆ ಇಳಿಸಿ, ತೆಂಗಿನಕಾಯಿಯಷ್ಟು ಗಾತ್ರದ ಒಂದು ಸ್ಪೀಕರನ್ನೂ ತಂದುಕೊಟ್ಟಳು. ಫೋನು ಒಂದು ವಚನ ಹಾಡುತ್ತದೆ, ನಾವು ಹಿಂದೆ ಹಾಡುತ್ತೇವೆ. ವಚನ ಹೇಳುವ ಬಾಯಿ ನೆಲದ ಮೇಲೆ ಇರಬಾರದೆಂದು ನಾವು ಫೋನನ್ನೂ ಸ್ಪೀಕರನ್ನೂ ಮಣೆಯ ಮೇಲಿಟ್ಟು, ವಿಭೂತಿ ಹಚ್ಚಿ, ಒಂದು ದಾಸವಾಳ ಏರಿಸುತ್ತಿದ್ದೆವು. ಸ್ಪೀಕರಿಗೆ ದಾಸವಾಳ ಬಹಳ ಒಪ್ಪುತ್ತದೆ, ತಾವು ಒಮ್ಮೆ ನೋಡಬೇಕು.

ನಮ್ಮ ಬಳಗದ ಕಟ್ಟಳೆಯೊಂದನ್ನು ತಾವು ತಿಳಿದಿರಬೇಕು. ಮಣೆ ಏರಿದ್ದನ್ನು ಮಂಗಳಾರತಿ ಆಗುವ ತನಕ ಯಾರೂ ಮುಟ್ಟುವಂತಿಲ್ಲ, ಹಾಡು ನಡೆದಿರುವಾಗ ಯಾರೂ ಏಳುವಂತಿಲ್ಲ. ಹಿಂದೊಮ್ಮೆ ಮಣೆಯ ಮೇಲಿನ ಹಾಲಿನ ಬಟ್ಟಲಿಗೆ ಬೆಕ್ಕು ಬಾಯಿ ಹಾಕಿದಾಗಲೂ ನಾವು ಹಾಡು ಮುಗಿಸಿಯೇ ಹಚಾ ಅಂದವರು. ತಮಗೆ ಇದು ಗೊತ್ತಿತ್ತೋ ಇಲ್ಲವೋ, ಆ ದಿನ ಕೊನೆಯ ವಚನ ಮುಗಿದು ನಾನು ಆರತಿಯ ತಟ್ಟೆಗೆ ಕೈ ಚಾಚುವಷ್ಟರಲ್ಲಿ ತಾವು ಇನ್ನೊಂದನ್ನು ಆರಂಭಿಸಿದಿರಿ. ಮೊದಲು ಪೇಟಿಯಂಥದ್ದೇ ಏನೋ ಮೆಲ್ಲಗೆ ನುಡಿಯಿತು. ಯಾವುದೋ ಹೊಸ ವಚನಕ್ಕೆ ಪೀಠಿಕೆ ಎಂದು ತಿಳಿದು ಹದಿಮೂರೂ ಜನ ಕಣ್ಣು ಮುಚ್ಚಿದೆವು. ಆಮೇಲೆ ಒಬ್ಬ ಗಂಡಸು ಇಂಗ್ಲಿಷಿನಲ್ಲಿ, ಏನನ್ನೋ ಕಳೆದುಕೊಂಡವನ ಹಾಗೆ ಹಾಡತೊಡಗಿದ. ಪರದೇಶದ ಶರಣರೂ ಇರುತ್ತಾರಲ್ಲ, ಅವರಿಗೂ ಒಡೆಯನೊಬ್ಬನೇ ಅಲ್ಲವೇ ಎಂದು ನಾನು ಕಣ್ಣು ತೆರೆಯಲಿಲ್ಲ. ನಾಲ್ಕನೆಯ ನಿಮಿಷಕ್ಕೆ ಡ್ರಮ್ಮು ಬಿತ್ತು. ಆರನೆಯ ನಿಮಿಷಕ್ಕೆ ಗಿಟಾರು ಎಂಬುದು ಎದ್ದು ನಿಂತು, ನಮ್ಮ ಮನೆಯ ಹಂಚುಗಳನ್ನೆಲ್ಲ ಒಂದೊಂದಾಗಿ ಎಣಿಸಿ ಅಲ್ಲಾಡಿಸಿತು. ಕಣ್ಣು ತೆರೆದು ನೋಡಿದರೆ ಪಕ್ಕದ ಮನೆಯ ಕಾಡವ್ವ ಗೋಡೆಯ ಗಡಿಯಾರವನ್ನೇ ನೋಡುತ್ತ ತೊಡೆ ಚಿವುಟಿಕೊಳ್ಳುತ್ತಿದ್ದಳು. ಆಕೆ ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು. ಹಾಡು ಹನ್ನೊಂದು ನಿಮಿಷ ಇತ್ತೆಂಬ ಕರಾರುವಾಕ್ಕಾದ ಲೆಕ್ಕ ನಮಗೆ ಸಿಕ್ಕದ್ದು ಆ ಹಾಲಿನ ಪುಣ್ಯದಿಂದ.

ಹಾಡು ಮುಗಿಯಿತು. ಹಾಡು ಯಾವುದಾದರೇನು, ಮುಗಿದ ಮೇಲೆ ಮಂಗಳ ಹೇಳಲೇಬೇಕು, ಹೇಳಿದೆವು, ಕರ್ಪೂರ ಬೆಳಗಿದೆವು, ಪ್ರಸಾದ ಹಂಚಿದೆವು. ಗಿಟಾರಿಗೆ ಆರತಿ ಎತ್ತಿದ ಬಳಗ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ನಮ್ಮದೊಂದೇ ಇರಬೇಕು.

ಆದರೆ ನಾನು ಹೇಳಹೊರಟದ್ದು ಬೇರೆ. ದುಂಡವ್ವಕ್ಕ ಯಾವಾಗಲೂ ಕಂಬಕ್ಕೆ ಒರಗಿ ಕೂರುತ್ತಾರೆ. ಎಪ್ಪತ್ತೊಂದು ವಯಸ್ಸು. ನಾವು ಹಾಡುವಾಗ ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುವುದಷ್ಟೇ, ಹಾಡಿರಿ ಎಂದರೆ ಒಂಬತ್ತು ವರ್ಷದಿಂದ ಒಂದೇ ಉತ್ತರ: “ನಾ ಹಾಡಾಂಗಿಲ್ಲ. ನೀವ ಹಾಡ್ರಿ, ಕೇಳ್ತೇನಿ.” ಆ ದಿನ ಗಿಟಾರು ಮೇಲೇರುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಅಲ್ಲಾಡಿದ್ದಷ್ಟೇ ಆಗಿದ್ದರೆ ಜಪ ಎನ್ನುತ್ತಿದ್ದೆ. ಹಾಡು ಎಲ್ಲಿ ತಿರುಗುತ್ತದೋ ಅಲ್ಲಿ ಅವರ ಗಲ್ಲ ಒಂದು ಕ್ಷಣ ಮುಂಚೆಯೇ ತಿರುಗುತ್ತಿತ್ತು, ದಿನಾ ಅದೇ ದಾರಿಯಲ್ಲಿ ಬಸ್ಸು ಓಡಿಸುವ ಡ್ರೈವರನ ಹಾಗೆ. ಕೊಣ್ಣೂರಿನ ಮುದುಕಿಗೆ ಇಂಗ್ಲಿಷ್ ಹಾಡಿನ ತಿರುವು ಹೇಗೆ ಗೊತ್ತು ಎಂದು ನಾನು ಕಣ್ಣು ಉಜ್ಜಿಕೊಂಡೆ.

ಅಷ್ಟರಲ್ಲಿ ಕಾಡವ್ವ, ಹಾಲು ಉಕ್ಕಿ ಹೋದ ಸಿಟ್ಟಿನಲ್ಲಿ, ಮಣೆಯ ಮೇಲಿನ ಫೋನು ಎತ್ತಿಕೊಂಡಳು. “ಮೊದಲ ಇದನ್ನ ಸ್ವಚ್ಛ ಮಾಡೂನು. ನಾಳಿ ಪೂಜಾದಾಗ ಮತ್ತ ಬಂದ ಕುಂತಿತು,” ಎಂದು ಅಲ್ಲಿ ಇಲ್ಲಿ ಒತ್ತಿದಳು. ಕೇಳಿದ ಹಾಡುಗಳ ಪಟ್ಟಿ ಅಳಿಸಬೇಕೇ ಎಂದು ತಾವು ಕೇಳಿದಿರಿ. ಹೌದು ಎಂದಳು. ಖಚಿತವೇ ಎಂದು ಮತ್ತೊಮ್ಮೆ ಕೇಳಿದಿರಿ. “ಎರಡೆರಡ ಸಲ ಕೇಳ್ತೈತಿ ನೋಡ ಸುಂದ್ರಕ್ಕ, ಹೊಲಸ ಭಾಳ ಇದ್ದಂಗೈತಿ,” ಎಂದು ಇನ್ನೂ ಗಟ್ಟಿಯಾಗಿ ಒತ್ತಿದಳು. ಸಂಜೆ ಹುಕ್ಕೇರಿಯಿಂದ ಬಂದ ಸುಮನ್ ಫೋನು ನೋಡಿ, “ಅತ್ತಿ, ಇದರಾಗ ಏನೂ ಉಳದಿಲ್ಲರೀ, ತೊಳದ ಇಟ್ಟ ಹಂಡೇದಂಗ ಆಗೈತಿ,” ಎಂದಳು. ಈ ಒಂದು ತಪ್ಪು ನಮ್ಮದೆಂದು ಒಪ್ಪುತ್ತೇನೆ. ಆದರೂ ತಾವು ಮೂರನೆಯ ಸಲ ಕೇಳಬಹುದಿತ್ತು.

ಮರುದಿನ ಮುಂಜಾನೆ ನಾನು ಕಸ ಗುಡಿಸುತ್ತಿರುವಾಗಲೇ ದುಂಡವ್ವಕ್ಕ ಕೋಲೂರಿಕೊಂಡು ಬಂದರು. ಹೊಸ್ತಿಲಲ್ಲೇ ಕುಳಿತು, “ಸುಂದ್ರಾ, ನಿನ್ನಿ ಹಾಡ ಹಚ್ಚವಾ,” ಎಂದರು. ಯಾವ ಹಾಡು ಎಂದೆ. “ಅದ, ನಮ್ಮ ಮನಿಯವರ ಹಾಡ.”

ಅವರ ಮನೆಯವರು, ದಿವಂಗತ ಲಕ್ಕಪ್ಪನವರು, ಮೂಡಲಗಿಯ ಒಂದು ಬ್ಯಾಂಡ್ ಕಂಪನಿಯಲ್ಲಿ ಕ್ಲಾರ್ನೆಟ್ ಊದುತ್ತಿದ್ದರು. ಹರೆಯದಲ್ಲಿ ಬೆಳಗಾವಿಯ ಮಿಲ್ಟ್ರಿ ಕ್ಯಾಂಪಿನಲ್ಲಿ ಗೋವಾದ ಕಡೆಯ ಒಬ್ಬ ಬ್ಯಾಂಡ್ ಮಾಸ್ತರರ ಹತ್ತಿರ ಆರು ತಿಂಗಳು ಕಲಿತು ಬಂದವರು. ಐವತ್ತೊಂದು ವರ್ಷದ ಹಿಂದೆ, ಅವರ ಮದುವೆಯ ದಿನ, ಅವರದೇ ಕಂಪನಿಯವರು ಹಂದರದ ಮುಂದೆ ನುಡಿಸುತ್ತಿದ್ದರಂತೆ. ಲಕ್ಕಪ್ಪನವರ ಬದಲಿಗೆ ಊದುತ್ತಿದ್ದವನು ಒಂದು ತಿರುವಿನಲ್ಲಿ ಮೂರು ಸಲ ತಪ್ಪಿದ. ನಾಲ್ಕನೆಯ ಸಲ ತಪ್ಪುವುದಕ್ಕೆ ಮದುಮಗ ಬಿಡಲಿಲ್ಲ. ಹಣೆಗೆ ಬಾಸಿಂಗ ಕಟ್ಟಿಕೊಂಡೇ ಎದ್ದು ಹೋಗಿ ಕ್ಲಾರ್ನೆಟ್ ಕಿತ್ತುಕೊಂಡು ಇಡೀ ಹಾಡು ತಾನೇ ನುಡಿಸಿದ. ಬೀಗರು ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದರು. “ನಮ್ಮ ಸೋದರತ್ತಿ ಬೈದ್ಲು, ಇಂವ ನಿನ್ನ ಮದವಿ ಮಾಡಿಕೊಳ್ಳಾಕ ಬಂದಾನೋ, ಬಾರಸಾಕ ಬಂದಾನೋ ಅಂತ,” ಎಂದು ದುಂಡವ್ವಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಹಾಡು ನಿನ್ನ ಸಲುವಾಗಿಯೇ ಕಟ್ಟಿದ್ದು ಎಂದು ಲಕ್ಕಪ್ಪನವರು ಹೆಂಡತಿಗೆ ಹೇಳಿದ್ದರಂತೆ. ಮುಂದೆ ಇಡೀ ಸಂಸಾರದಲ್ಲಿ ಆಕೆ ಮುನಿಸಿಕೊಂಡಾಗಲೆಲ್ಲ ಅದನ್ನೇ ಊದುತ್ತಿದ್ದರಂತೆ.

“ನಲವತ್ತ ವರ್ಷ ಕೇಳೇನಿ ಅದನ್ನ. ನಿನ್ನಿ ಆ ಬಿಳಿಯಾಂವ ಹಾಡಿದಾಗ ಗೊತ್ತಾತ ನೋಡ, ಕಳವ ಮಾಡ್ಯಾನ,” ಎಂದರು.

ಯಾರು ಎಂದು ನಾನು ಹೆದರಿ ಕೇಳಿದೆ.

“ಆ ಬಿಳಿಯಾಂವ.”

ಗೋವಾದ ಮಾಸ್ತರರು, ಬೆಳಗಾವಿಯ ಕ್ಯಾಂಪು, ಆರು ತಿಂಗಳು, ಇದನ್ನೆಲ್ಲ ಕೂಡಿಸಿ ನೋಡಿದರೆ ಯಾರು ಯಾರಿಂದ ಕಲಿತರೆಂಬುದು ಏಳನೆಯ ಇಯತ್ತೆಯವಳಿಗೂ ಹೊಳೆಯುತ್ತದೆ. ಹೊಳೆದದ್ದನ್ನು ನಾನು ನುಂಗಿಕೊಂಡೆ. ಮಾನ್ಯರೇ, ಶಿವನ ಸಾಕ್ಷಿಯಾಗಿ ಹೇಳುತ್ತೇನೆ, ಸುಳ್ಳಿಗೆ ಅಂಜುವ ನಾನು ಅಂದು ಸುಮ್ಮನಿದ್ದದ್ದಕ್ಕೆ ಇನ್ನೂ ಪಶ್ಚಾತ್ತಾಪ ಪಟ್ಟಿಲ್ಲ.

ಅಂದಿನಿಂದ ತಮ್ಮನ್ನು ನಾನು ಬೇಡಿದ್ದಕ್ಕೆ ಮಿತಿ ಇಲ್ಲ. ತಾವು ಉದಾರಿಗಳು, ಕೇಳಿದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಟ್ಟಿರಿ. ಆ ಕಾಲದ್ದು, ಆ ನಮೂನೆಯದು, ಆ ಪೈಕಿಯದು ಎಂದು ದಿನಕ್ಕೆ ಹತ್ತು ಹಾಡು ಸುರಿದಿರಿ. ಹುಡುಕುವ ನೆಪದಲ್ಲಿ ಅವನ್ನೆಲ್ಲ ಕೇಳಿ ಕೇಳಿ ನಮ್ಮ ಬಳಗದ ಗತಿ ಏನಾಗಿದೆ ಎಂಬುದನ್ನು ತಾವು ಬಂದು ನೋಡಬೇಕು. ಹೆಸರುಗಳು ಓದಲು ಬಾರದ್ದರಿಂದ ನಾವೇ ಹೆಸರಿಟ್ಟುಕೊಂಡಿದ್ದೇವೆ. ಡ್ರಮ್ಮಿನ ಜೊತೆ ಟಣ್ ಟಣ್ ಎನ್ನುವುದು ಎತ್ತಿನ ಗಂಟೆ ಹಾಡು. ಒಬ್ಬ ಮೊದಲು ಕೂಗಿ, ನಡುವೆ ಓಡಿ, ಕೊನೆಗೆ ನಿಂತು ದಮ್ಮು ತೆಗೆದುಕೊಳ್ಳುವುದು ಬಸ್ಸು ತಪ್ಪಿದವನ ಹಾಡು. ನಾಲ್ಕು ಜನ ತಮ್ಮಂದಿರಂಥವರು ಚಪ್ಪಾಳೆ ಹಾಕಿ ಹಾಡುವುದು ರೊಟ್ಟಿ ಬಡಿಯುವ ಹಾಡು; ಅದನ್ನು ಹಚ್ಚಿ ಬಡಿದರೆ ರೊಟ್ಟಿ ಕಾಗದದಷ್ಟು ತೆಳ್ಳಗಾಗುತ್ತದೆ, ಸಂಶಯವಿದ್ದರೆ ನನ್ನ ಯಜಮಾನರನ್ನು ಕೇಳಬಹುದು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರು ಮೊದಲು ಸೊಸೆಯರ ಮಾತಾಡುತ್ತಿದ್ದರು. ಈಗ ಕಾಡವ್ವ, ಫೋನು ತೊಳೆದ ಅದೇ ಕಾಡವ್ವ, “ಏ ಸುಂದ್ರಕ್ಕ, ಗಿರಣಿ ಹಾಡ ಕೇಳಿದೇನ? ಮೂರನೇ ನಿಮಿಷಕ್ಕ ಒಬ್ಬಾಂವ ಚೀರತಾನ ನೋಡ, ನಮ್ಮ ಭಾವಗ ಚೇಳ ಕಡದಂಗ. ಕೇಳಲಿಲ್ಲ ಅಂದ್ರ ಜನ್ಮ ದಂಡ,” ಎಂದು ಓಣಿಗೆಲ್ಲ ಶಿಫಾರಸು ಮಾಡುತ್ತಾಳೆ. ನಲ್ಲಿ ಬಂದದ್ದು ತಿಳಿಯದೆ ನೀರು ಹರಿದು ಹೋಗುತ್ತದೆ. ಇದಕ್ಕೂ ತಾವೇ ಹೊಣೆ.

ತಮ್ಮಿಂದ ಆಗದೆಂದು ತಿಳಿದು ಮನುಷ್ಯರ ಕಡೆಗೂ ಹೋದೆವು. ಸುಮನ್ ಓಡಾಡುವ ಬಸ್ಸಿನಲ್ಲಿ ಹಿಂದೆ ಶ್ರೀಶೈಲ ಎಂಬ ಕಂಡಕ್ಟರರಿದ್ದರು, ಟಿಕೆಟು ಹರಿಯುತ್ತ ಇಂಗ್ಲಿಷ್ ಹಾಡು ಗುನುಗುವವರು. ಈಗ ನಿವೃತ್ತರಾಗಿ ಹುಕ್ಕೇರಿಯಲ್ಲಿದ್ದಾರೆ. ಅವರು ಫೋನಿನಲ್ಲಿ ಹಳೆಯ ಇಂಗ್ಲಿಷ್ ಹಾಡಿನ ಅಭಿಮಾನಿಗಳ ಒಂದು ಗುಂಪು ಕಟ್ಟಿದ್ದಾರೆ, ಮೂರು ತಾಲೂಕಿನ ನಲವತ್ತೇಳು ಗಂಡಸರು. ನಲವತ್ತೆಂಟನೆಯವಳಾಗಿ ನಾನು ಸೇರಿಕೊಂಡು ಶರಣು ಹೇಳಿದೆ. ಮೂಡಲಗಿಯಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾರುವವರೊಬ್ಬರು, ಧಾರವಾಡದ ಹಾಸ್ಟೆಲಿನಲ್ಲಿ ಸುತ್ತಿಕೊಂಡ ಕ್ಯಾಸೆಟ್ಟನ್ನು ಪೆನ್ಸಿಲು ಹಾಕಿ ಬಿಡಿಸುತ್ತ ಪರೀಕ್ಷೆ ತಪ್ಪಿಸಿಕೊಂಡ ಕಥೆ ಹೇಳಿದರು. ಹತ್ತರಗಿಯ ಹೈವೇ ಮೇಲೆ ಧಾಬಾ ನಡೆಸುವವರು, ಯಾರೋ ಲಾರಿಯವನು ಮರೆತು ಹೋದ ಕ್ಯಾಸೆಟ್ಟಿಗಾಗಿ ತಿರುಗಿ ಬರುತ್ತಾನೆಂದು ಹತ್ತೊಂಬತ್ತು ವರ್ಷ ಕಾದು, ಅಷ್ಟರಲ್ಲಿ ತಾವೇ ಅದಕ್ಕೆ ಗಂಟುಬಿದ್ದದ್ದನ್ನು ಹೇಳಿದರು. ಯಾವ ಡ್ರಮ್ಮಿನವನು ದೊಡ್ಡವನು ಎಂಬುದರ ಮೇಲೆ ಅಲ್ಲಿ ಇಬ್ಬರು ಬೀಗರು ಮಾತು ಬಿಟ್ಟಿದ್ದಾರೆ. ನಮ್ಮ ಮಠದ ಸೇವೆಯಲ್ಲಿಯೂ ಇಷ್ಟು ಭಕ್ತಿಯನ್ನು ನಾನು ಕಂಡಿಲ್ಲ.

ಕಂಡಕ್ಟರರು ಕೇಳಿದರು: “ಅಕ್ಕಾರ, ಆ ಹಾಡಿನಾಗ ಮೊದಲ ಏನ ಬರ್ತೈತ್ರಿ?”

ಮೊದಲು ಪೇಟಿ, ಆಮೇಲೆ ದುಃಖ, ಆಮೇಲೆ ಸಿಟ್ಟು, ಆಮೇಲೆ ಆಲಿಕಲ್ಲು ಮಳೆ ಎಂದು ಹೇಳಿದೆ.

“ಹಂಗಂದ್ರ ಒಂದ ನಾಕನೂರ ಹಾಡ ಅದಾವ್ರಿ.”

ಹಾಗಾದರೆ ಗುನುಗಿ ಕಳಿಸುತ್ತೇನೆಂದು ಗುನುಗಿ ಕಳಿಸಿದೆ. ನಲವತ್ತು ವರ್ಷ ವಚನ ಹಾಡಿದ ಗಂಟಲು ನನ್ನದು. ಯಾವುದು ಒಳಗೆ ಹೋದರೂ ವಚನವಾಗಿಯೇ ಹೊರಬರುತ್ತದೆ. “ಅಕ್ಕಾರ, ಇದು ಛಲೋ ಭೈರವಿ ಆತ್ರಿ. ಇಂಗ್ಲಿಷ್ ಎಲ್ಲಿ ಹೋತ್ರಿ?” ಎಂದು ಅವರು ಬಹಳ ಮರ್ಯಾದೆಯಿಂದ ಕೇಳಿದರು. ಆದರೂ ಆ ಪುಣ್ಯಾತ್ಮರು ನೂರಾ ಹನ್ನೆರಡು ಹಾಡು ಕಳಿಸಿಕೊಟ್ಟರು. ಒಂದೊಂದನ್ನೂ ದುಂಡವ್ವಕ್ಕನ ಕಿವಿಗೆ ಹಿಡಿದೆ. “ಇದಲ್ಲ. ಈತನ ಗಂಟಲದಾಗ ಕಬ್ಬಿನ ರವದಿ ಸಿಕ್ಕೈತಿ.” “ಇದಲ್ಲ. ಈಕಿ ಛಲೋ ಹಾಡ್ತಾಳ, ಖರೆ ಗಂಡನ ಮ್ಯಾಲ ಸಿಟ್ಟೈತಿ.” ಫೋನಿನ ಮೇಲಿನ ಚಿತ್ರ ನೋಡಿ, “ಇದಲ್ಲವಾ. ಇವರ ನಾಕೂ ಮಂದಿಗಿ ಎಣ್ಣಿ ಹಚ್ಚಿ ತಲಿ ಬಾಚವ್ರ ಇಲ್ಲೇನ?” ನೀವೇ ಒಂದು ಸಾಲು ಗುನುಗಿ ತೋರಿಸಿರಿ, ಕಳಿಸುತ್ತೇನೆ ಎಂದರೆ ಮತ್ತೆ ಅದೇ ಮಾತು: “ನಾ ಹಾಡಾಂಗಿಲ್ಲ.” ನೂರಾ ಹನ್ನೆರಡನೆಯದು ಮುಗಿದ ಮೇಲೆ ಅವರು ಕೋಲು ಹಿಡಿದು ಎದ್ದು, “ಹೋಗ್ಲಿ ಬಿಡ ಸುಂದ್ರಾ, ಒಮ್ಮಿ ಬಂದ ಹೋತಲ್ಲ,” ಎಂದು ನಡೆದರು. ಮುಂದಿನ ಸೋಮವಾರ ಬಳಗಕ್ಕೆ ಬಂದಾಗ ಮೊಣಕಾಲ ಮೇಲೆ ತಾಳವೂ ಇರಲಿಲ್ಲ.

ಇದಕ್ಕಾಗಿಯೇ ತಮಗೆ ಬೇಡಿಕೊಳ್ಳುತ್ತಿದ್ದೇನೆ. ಹಾಡು ಕೊಡಿ.

ಇಲ್ಲಿಯ ತನಕ ಬರೆದು ಪತ್ರವನ್ನು ಜೋಳದ ಡಬ್ಬಿಯ ಮೇಲಿಟ್ಟು, ಮುಂದೆ ತಮ್ಮನ್ನು ಬೈಯಲು ಒಳ್ಳೆಯ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಶ್ರಾವಣದ ಮೂರನೆಯ ಸೋಮವಾರ ಬಂತು. ಆ ದಿನ ನಡೆದದ್ದರಿಂದ ನನ್ನ ದೂರು ತಲೆಕೆಳಗಾಗಿದೆ. ಮೇಲೆ ಬರೆದದ್ದನ್ನು ಹರಿದು ಹಾಕಬಹುದಿತ್ತು. ಎಂಟು ಪುಟ ಬರೆದ ಕೈಗೆ ಮನಸ್ಸು ಬರಲಿಲ್ಲ. ತಾವು ಅದನ್ನು ಓದಿ ಮರೆತುಬಿಡಿ.

ಯಾರಾದರೂ ಗುನುಗಿದರೆ ಹಾಡು ಯಾವುದೆಂದು ಗುರುತಿಸುವ ವಿದ್ಯೆಯೂ ತಮಗಿದೆ ಎಂದು ಕಂಡಕ್ಟರರು ತಿಳಿಸಿದ್ದರು. ಆ ಸೋಮವಾರ ಮಂಗಳಾರತಿ ಮುಗಿದು ಫೋನು ಮಣೆಯಿಂದ ಇಳಿದ ಮೇಲೆ ಸುಮನ್ ಅದನ್ನು ನಮ್ಮ ನಡುವೆ ಹಿಡಿದಳು. ದುಂಡವ್ವಕ್ಕ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಉಳಿದ ಹನ್ನೆರಡು ಜನ ಒಟ್ಟಿಗೆ ಗುನುಗಿದೆವು. ಒಬ್ಬಳದು ಸೋಬಾನೆ, ಒಬ್ಬಳದು ಜೋಗುಳ, ನನ್ನದು ಭೈರವಿ, ಕಾಡವ್ವನದು ಗಿರಣಿ. ‘ಇನ್ನೊಮ್ಮೆ ಪ್ರಯತ್ನಿಸಿ’ ಎಂದು ತಾವು ಬರೆದಿರಿ. ಪ್ರಯತ್ನಿಸಿದೆವು. ಮತ್ತೆ ಬರೆದಿರಿ. ಮೂರನೆಯ ಸಲಕ್ಕೆ ಕಂಬದ ಕಡೆಯಿಂದ ಕೋಲು ನೆಲಕ್ಕೆ ಬಡಿದ ಸದ್ದಾಯಿತು.

“ಸಾಕ ಮಾಡ್ರೇ. ಹಾಡನ್ನ ಕೊಂದ ಹಾಕಾಕತ್ತೀರಿ. ಹಂಗಲ್ಲ ಅದು.”

ಹಾಗಲ್ಲದಿದ್ದರೆ ಹೇಗೆ ಎಂದು ನಾವು ಕೇಳಲಿಲ್ಲ. ಕೇಳುವಷ್ಟು ಬುದ್ಧಿಗೇಡಿಗಳಲ್ಲ ನಾವು. ದುಂಡವ್ವಕ್ಕ ಸೆರಗು ಸರಿ ಮಾಡಿಕೊಂಡು, ಗಂಟಲು ಕೆಮ್ಮಿ, ಹಾಡಿದರು.

ಮಾತಿಲ್ಲ, ಬರೀ ರಾಗ, ಕ್ಲಾರ್ನೆಟ್ಟಿಗೆ ಮಾತೆಲ್ಲಿಯದು. ಮೊದಲಿಗೆ ದನಿ ತುಕ್ಕು ಹಿಡಿದ ಬಾವಿಯ ಗಾಲಿಯ ಹಾಗೆ ಕಿರುಗುಟ್ಟಿತು, ಆಮೇಲೆ ತಾನೇ ತಿರುಗತೊಡಗಿತು. ಗಿಟಾರಿನ ಜಾಗ ಬಂದಾಗ ಅವರು ಎರಡೂ ಗಲ್ಲ ಉಬ್ಬಿಸಿ, ಗಾಳಿಯಲ್ಲಿ ಹತ್ತೂ ಬೆರಳು ಕುಣಿಸುತ್ತ, ಹಲ್ಲಿಲ್ಲದ ಬಾಯಲ್ಲಿ ಲಕ್ಕಪ್ಪನವರ ಹಾಗೆಯೇ ಊದಿದರು. ನಮಗೆ ನಗುವೋ ಅಳುವೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆವು. ಸುಮನ್ ಫೋನನ್ನು ಅವರ ಹತ್ತಿರ ಸರಿಸಿದಳು. ಕಾಡವ್ವನ ಮನೆಯಿಂದ ಹಾಲು ಸೀದ ವಾಸನೆ ಬಂತು. ಹಾಡು ನಡೆದಾಗ ಏಳಬಾರದಲ್ಲ ಎಂದು ನಾನು ಅವಳ ಮುಖ ನೋಡಿದರೆ, “ಸೀಯಲಿ ಬಿಡ,” ಎಂದು ಪಿಸುಗುಟ್ಟಿ ಕಣ್ಣು ಒರೆಸಿಕೊಂಡಳು. ಈ ಸಲ ಹದಿನಾಲ್ಕು ನಿಮಿಷವಾಯಿತು, ಯಾಕೆಂದರೆ ಬೀಗರು ಬರುವುದು ತಡವಾದರೆ ಎಳೆಯಲಿಕ್ಕೆಂದು ಲಕ್ಕಪ್ಪನವರು ಕೊನೆಯಲ್ಲಿ ಒಂದು ತುಂಡು ಕೂಡಿಸಿದ್ದರಂತೆ. ಹಾಡು ಮುಗಿದ ಮೇಲೆ ಎರಡನೆಯ ಸಲ ಮಂಗಳ ಹೇಳಿದೆವು. ಒಂದೇ ದಿನ ಎರಡು ಮಂಗಳ ಆದದ್ದು ಬಳಗದಲ್ಲಿ ಇದೇ ಮೊದಲು.

ಆಗ ಸುಮನ್ ಫೋನು ನೋಡಿದಳು. ಹದಿನಾಲ್ಕೂ ನಿಮಿಷ ಕಿವಿಗೊಟ್ಟು ಕೇಳಿದ ತಾವು, ‘ಹೊಂದುವ ಹಾಡು ಸಿಗಲಿಲ್ಲ’ ಎಂದು ಬರೆದಿದ್ದಿರಿ. ಅವಳು ಅದನ್ನು ಗಟ್ಟಿಯಾಗಿ ಓದಿದಳು. ನಾನು ಅವಳನ್ನು ಮೊಣಕೈಯಿಂದ ತಿವಿದೆ. ದುಂಡವ್ವಕ್ಕನ ಮುಖ ಮಾತ್ರ ದೀಪ ಹಚ್ಚಿದಂತಾಯಿತು.

“ಸಿಗೂದಿಲ್ಲ. ಜಗತ್ತೆಲ್ಲ ಹುಡಿಕೇತಿ ನೋಡ, ಎಲ್ಲೂ ಇಲ್ಲ. ಅದು ನಮ್ಮ ಮನಿಯವರ ಕಟ್ಟಿದ್ದ.”

ಮಾನ್ಯರೇ, ಆ ಘಳಿಗೆಯಲ್ಲಿ ತಮ್ಮ ಪಾದಗಳಿದ್ದರೆ ಮುಟ್ಟಿ ನಮಸ್ಕರಿಸುತ್ತಿದ್ದೆ. ಐವತ್ತೊಂದು ವರ್ಷದ ಹಿಂದೆ ಆ ಮನುಷ್ಯ ಹೆಂಡತಿಗೆ ಹೇಳಿದ ಒಂದು ಮಾತಿಗೆ ತಾವು ಠಸೆ ಒತ್ತಿಕೊಟ್ಟಿರಿ. ಅಂದಿನಿಂದ ದುಂಡವ್ವಕ್ಕ ಪ್ರತಿ ಸೋಮವಾರ ಹಾಡುತ್ತಿದ್ದಾರೆ. ಅದನ್ನು ಹಾಡಿ, ಆಮೇಲೆ ವಚನಕ್ಕೂ ದನಿ ಕೂಡಿಸುತ್ತಾರೆ, ನಾವು ಶ್ರುತಿ ತಪ್ಪಿದರೆ ಕೋಲು ಬಡಿಯುತ್ತಾರೆ. ಹೀಗಾಗಿ ನನ್ನ ಹಿಂದಿನ ಬೇಡಿಕೆಯನ್ನು ಹಿಂತೆಗೆದುಕೊಂಡು ಹೊಸದನ್ನು ಸಲ್ಲಿಸುತ್ತಿದ್ದೇನೆ. ದಯವಿಟ್ಟು ಆ ಹಾಡನ್ನು ಎಂದೆಂದಿಗೂ ಹುಡುಕಬೇಡಿ. ಅಕಸ್ಮಾತ್ ಸಿಕ್ಕರೆ ಕೊಣ್ಣೂರಿನ ಕಡೆಗೆ ಬಿಡಬೇಡಿ. ಸಂಕೇಶ್ವರದ ಕಡೆ, ನಿಪ್ಪಾಣಿಯ ಕಡೆ ಎಲ್ಲಿ ಬೇಕಾದರೂ ನುಡಿಸಿಕೊಳ್ಳಿ. ಆ ಬಿಳಿಯವರು ಬಂದು ಹಾಡು ನಮ್ಮದೆಂದು ಕೇಳಿದರೆ, ಎರಡೆರಡು ಸಲ ‘ಖಚಿತವೇ’ ಎಂದು ಅವರನ್ನೇ ಕೇಳಿ. ಅವರು ಇನ್ನೂ ಬದುಕಿದ್ದರೆ ಒಂದು ಸೋಮವಾರ ನಾಲ್ಕು ಗಂಟೆಗೆ ನಮ್ಮಲ್ಲಿಗೆ ಬರಲಿ, ಚಾಪೆ ಹಾಸುತ್ತೇವೆ, ಪ್ರಸಾದ ಕೊಡುತ್ತೇವೆ, ತಲೆಗೆ ಎಣ್ಣೆಯನ್ನೂ ಹಚ್ಚುತ್ತೇವೆ. ಆದರೆ ದುಂಡವ್ವಕ್ಕ ಹಾಡುವಾಗ ಎದ್ದು ಹೋಗುವಂತಿಲ್ಲ. ಹಾಗೆಯೇ ತಾವು ಹಾಲಿನ ವಿಷಯವನ್ನೂ ತಿಳಿದುಕೊಂಡು, ಕಾಡವ್ವ ಒಲೆ ಹೊತ್ತಿಸಿರುವಾಗ ಚಿಕ್ಕ ಹಾಡುಗಳನ್ನೇ ಆರಿಸುವ ಕೃಪೆ ಮಾಡಬೇಕು.

ಹಾಡು ತಿಳಿಯುವ ತಮ್ಮ ಬುದ್ಧಿ ಹೀಗೆಯೇ ಮಂದವಾಗಿರಲೆಂದು ದಿನಾ ಪೂಜೆಯಲ್ಲಿ ಬೇಡಿಕೊಳ್ಳುವ,

ತಮ್ಮ ವಿಶ್ವಾಸಿ,
ಸುಂದ್ರವ್ವ ಗುರುಪಾದ ಕಮತಗಿ
ಅಕ್ಕನ ಬಳಗ, ಕೊಣ್ಣೂರ

ತಾ.ಕ.: ಆ ಸೋಮವಾರ ಸುಮನ್ ಫೋನಿನಲ್ಲಿ ಹಾಡನ್ನು ಹಿಡಿದಿಟ್ಟಿದ್ದಳು. ಕಂಡಕ್ಟರರು ಅದನ್ನು ಎಲ್ಲರೂ ಕೇಳಲೆಂದು ತಮ್ಮಲ್ಲಿಗೆ ಏರಿಸಿದ್ದಾರೆ. ಇಂದು ಮುಂಜಾನೆ ನಾನು ದುಂಡವ್ವಕ್ಕನಿಗೆ ವಚನ ಕೇಳಿಸುತ್ತಿದ್ದಾಗ, ಅದು ಮುಗಿದ ಕೂಡಲೇ ತಾವು ‘ನಿಮಗೆ ಇದು ಇಷ್ಟವಾಗಬಹುದು’ ಎಂದು ಬರೆದು, ಅವರ ಹಾಡನ್ನು ಅವರಿಗೇ ಹಚ್ಚಿದಿರಿ. ತಮ್ಮದೇ ದನಿಯನ್ನು ಎಂದೂ ಹೊರಗಿನಿಂದ ಕೇಳದ ಆ ಹಿರಿಯರು ಕಿವಿಗೆ ಕೈ ಹಚ್ಚಿ ಪೂರ್ತಿ ಕೇಳಿ, “ಯಾರವಾ ಈಕಿ? ನಮ್ಮ ಮನಿಯವರ ಹಾಡ ಈಕಿಗೆ ಯಾರ ಕಲಿಸಿದ್ರು? ನಡಕ ಒಂದ ತಿರುವಿನಾಗ ತಪ್ಯಾಳ. ಸೋಮವಾರ ನಾ ಸರಿ ಮಾಡಿ ಹಾಡ್ತೇನಿ, ಆಕಿಗೂ ಕೇಳಸ್ರಿ,” ಎಂದರು. ಅಂದರೆ ಅವರಿಗೆ ಅದು ಇಷ್ಟವಾಗಲಿಲ್ಲ. ತಮ್ಮ ದಫ್ತರಿನಲ್ಲಿ ಗುರುತು ಹಾಕಿಕೊಳ್ಳಿ.